ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್: ಯೋಜನೆಯಿಂದ ಒಪ್ಪಿಸುವವರೆಗೆ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಬಿಸಿಎ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಕೊನೆಯ ವರ್ಷ ಪ್ರಾಜೆಕ್ಟ್ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಮೂರು ನಾಲ್ಕು ಮಂದಿ ಬ್ಯಾಚ್ ಮಾಡಿಕೊಂಡು, ಒಬ್ಬ ಗೈಡ್ ಇಟ್ಟುಕೊಂಡು, ನಿಜವಾಗಿ ಕೆಲಸ ಮಾಡುವ ಒಂದು ತಂತ್ರಾಂಶ ಕಟ್ಟಬೇಕು. ದುಡ್ಡು ಕೊಟ್ಟರೆ ಸಿದ್ಧ ಪ್ರಾಜೆಕ್ಟ್ ಕೈಗಿಡುವ ಅಂಗಡಿಗಳೂ ಇವೆ. ದಯವಿಟ್ಟು ಅತ್ತ ಹೋಗಬೇಡಿ. ಬಿಡಿ ಬಿಡಿಯಾಗಿ ಓದಿದ ಪಾಠಗಳೆಲ್ಲ ಒಂದು ಕೆಲಸದಲ್ಲಿ ಕೂಡಿಕೊಳ್ಳುವುದನ್ನು ಕಾಣುವ ಅವಕಾಶ ವಿದ್ಯಾರ್ಥಿಗೆ ಸಿಗುವುದು ಇಲ್ಲೇ.

ಉದಾಹರಣೆಗೆ ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನೇ ತೆಗೆದುಕೊಳ್ಳೋಣ. ಊರವರ ಬಾಯಲ್ಲಿ ಅದು ಡೇರಿ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಲು ಬರುತ್ತದೆ. ಅಳತೆ ಆಗುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಮತ್ತು ಕೊಬ್ಬು ಬಿಟ್ಟು ಉಳಿದ ಘನಾಂಶ, ನೋಡುತ್ತಾರೆ, ಅದರ ಮೇಲೆ ದರ. ಪಶು ಆಹಾರ ಕೊಂಡಿದ್ದರೆ ಆ ಬಾಕಿ ಮುರಿದುಕೊಂಡು ಬಟವಾಡೆ. ಎಷ್ಟೋ ಕಡೆ ಈಗ ಯಂತ್ರವೇ ಚೀಟಿ ಕೊಡುತ್ತದೆ, ನಿಜ. ಆದರೂ ಕಲಿಯಲು ಇದಕ್ಕಿಂತ ಒಳ್ಳೆಯ ವಿಷಯ ಕಡಿಮೆ, ಏಕೆಂದರೆ ಇಲ್ಲಿ ಲೆಕ್ಕ ತಪ್ಪಿದರೆ ಯಾರ ಜೇಬಿಗೆ ಪೆಟ್ಟು ಎಂಬುದು ಕಣ್ಣೆದುರೇ ಇರುತ್ತದೆ.

ಹೆಚ್ಚಿನ ಬ್ಯಾಚುಗಳು ಮೊದಲು ಲಾಗಿನ್ ಪುಟ ಮಾಡಲು ಕೂರುತ್ತವೆ. ಬಣ್ಣ, ಲೋಗೊ, ಪಾಸ್‌ವರ್ಡ್ ಎನ್ನುತ್ತ ತಿಂಗಳು ಕಳೆಯುತ್ತದೆ. ಅದು ಆಮೇಲೆ ಆಗಲಿ. ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟದೆ ಡೇರಿಯಲ್ಲಿ ನಿಂತು ನೋಡಿ. ಕಾರ್ಯದರ್ಶಿಯವರನ್ನು ಕೇಳಿ, ರಿಜಿಸ್ಟರಿನ ಕಾಲಂಗಳನ್ನು ಬರೆದುಕೊಳ್ಳಿ. 'ಸಾರ್, ಬರೆದದ್ದು ತಪ್ಪಾದರೆ ಏನು ಮಾಡುತ್ತೀರಿ?' ಎಂದು ಮರೆಯದೆ ಕೇಳಿ. ಅವರು ಅಂಕಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕುವುದನ್ನು ತೋರಿಸಬಹುದು. ಹಾಗಿದ್ದರೆ ನಿಮ್ಮ ತಂತ್ರಾಂಶದಲ್ಲೂ ಹಳೆಯ ಅಂಕಿ ಅಳಿಯಕೂಡದು. ಯಾರು, ಯಾವಾಗ ತಿದ್ದಿದರು ಎಂಬುದರ ಸಮೇತ ಉಳಿಯಬೇಕು. ಸಹಕಾರ ಸಂಘದ ಲೆಕ್ಕ ವರ್ಷಾವರ್ಷ ಆಡಿಟ್ ಆಗುವಂಥದ್ದು.

ಇನ್ನು ದರದ ವಿಷಯ. ತಂತ್ರಾಂಶ ಮಾಹಿತಿ ಇಟ್ಟುಕೊಳ್ಳುವ ಪಟ್ಟಿಗೆ ಟೇಬಲ್ ಎನ್ನುತ್ತಾರೆ. ಸದಸ್ಯರಿಗೊಂದು ಟೇಬಲ್, ಹಾಲಿಗೊಂದು, ದರಕ್ಕೊಂದು ಎಂದು ಮಾಡಿ, ದರದ ಟೇಬಲಿನಲ್ಲಿ ಇವತ್ತಿನ ದರವನ್ನಷ್ಟೇ ಇಡುವವರು ಬಹಳ. ಡೆಮೊ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮುಂದೊಂದು ದಿನ ದರ ಪರಿಷ್ಕರಣೆಯಾಗುತ್ತದೆ, ಹೊಸ ಅಂಕಿ ತುಂಬುತ್ತಾರೆ, ಕಳೆದ ತಿಂಗಳ ಬಿಲ್ ಮತ್ತೆ ತೆಗೆದರೆ ಅದೂ ಹೊಸ ದರದಲ್ಲೇ ಬರುತ್ತದೆ! ರೈತನ ಪಾಸ್ ಪುಸ್ತಕಕ್ಕೂ ಕಂಪ್ಯೂಟರಿಗೂ ತಾಳೆಯಾಗುವುದಿಲ್ಲ. ಪ್ರತಿ ದರದ ಜೊತೆಗೆ ಅದು ಜಾರಿಗೆ ಬಂದ ದಿನಾಂಕ ಇರಬೇಕು. ಹಾಲು ಹಾಕಿದ ಹೊತ್ತಿಗೆ ಹಚ್ಚಿದ ದರವೂ ಆ ನಮೂದಿನಲ್ಲೇ ಉಳಿಯಬೇಕು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇದನ್ನೊಂದು ಬಿಡಿಸಿ ಹೇಳಬಲ್ಲ ವಿದ್ಯಾರ್ಥಿಗೆ ವ್ಯವಸ್ಥೆ ಎಂದರೇನೆಂದು ತಿಳಿದಿದೆ ಎಂದೇ ನನ್ನ ಲೆಕ್ಕ.

ಕನ್ನಡದ ಹೆಸರುಗಳ ಕಡೆಗೂ ಗಮನ ಬೇಕು. ಗೋಪಾಲ ಎಂಬ ಹೆಸರಿನ 'ಗೋ' ಅಕ್ಷರದ ಸ್ವರಚಿಹ್ನೆಯನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ, ಒಂದೇ ಸಂಕೇತವಾಗಿ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಹುಡುಕಿದರೆ ಮಾತ್ರ ಗೋಪಾಲ ಸಿಗುವುದಿಲ್ಲ. ಉಳಿಸುವ ಮೊದಲೇ ಹೆಸರನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸೇಷನ್ ಮಾಡಿಸಿ.

ಸೆಮಿಸ್ಟರಿಗೆ 16 ವಾರ ಎಂದಿಟ್ಟುಕೊಂಡರೆ, ಆರನೆಯ ವಾರದೊಳಗೆ ಒಬ್ಬ ಸದಸ್ಯ, ಒಂದು ಹೊತ್ತಿನ ಹಾಲು, ಒಂದು ಬಿಲ್, ಇಷ್ಟು ಆದಿಯಿಂದ ಅಂತ್ಯದವರೆಗೆ ಓಡಬೇಕು. ಚೆಂದ ಇಲ್ಲದಿದ್ದರೂ ಚಿಂತೆಯಿಲ್ಲ. ಕೊನೆಯ ಮೂರು ವಾರ ಹೊಸದೇನನ್ನೂ ಸೇರಿಸದೆ, ಕಾರ್ಯದರ್ಶಿಯವರ ಅನುಮತಿ ಪಡೆದು, ಕಳೆದ ತಿಂಗಳ ರಿಜಿಸ್ಟರನ್ನು ತುಂಬಿ ಬಿಲ್ಲುಗಳನ್ನು ತಾಳೆ ನೋಡಿ. ಒಂದು ಪೈಸೆ ವ್ಯತ್ಯಾಸ ಬಂದರೂ ಬಿಡಬೇಡಿ. ರೌಂಡ್ ಮಾಡುವಲ್ಲೇ ತಪ್ಪು ಅಡಗಿರುತ್ತದೆ.

ಕೆಲಸ ತಡವಾದಾಗ ಪಕ್ಕದ ಬ್ಯಾಚಿನವರನ್ನು ಕರೆತರುವ ಯೋಚನೆ ಬರುತ್ತದೆ. ಐಬಿಎಂನ ಸಿಸ್ಟಂ 360 ಕಂಪ್ಯೂಟರುಗಳ ಕಾರ್ಯಾಚರಣ ವ್ಯವಸ್ಥೆಯ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್, ತಡವಾದ ತಂತ್ರಾಂಶಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು 1975ರಲ್ಲೇ ಬರೆದಿದ್ದರು. ಹೊಸಬರಿಗೆ ಹೇಳಿಕೊಡುವುದರಲ್ಲೇ ಹಳಬರ ಹೊತ್ತು ಹೋಗುತ್ತದೆ. ಅದರ ಬದಲು ಕೆಲಸದ ಪಟ್ಟಿಯನ್ನೇ ಕತ್ತರಿಸಿ. ಏನು ಮಾಡುವುದಿಲ್ಲ ಎಂಬುದನ್ನು ಮೊದಲು ಕೊಡುವ ಸಾರಾಂಶದಲ್ಲೇ, ಅಂದರೆ ಸಿನಾಪ್ಸಿಸ್‌ನಲ್ಲೇ, ಬರೆದಿದ್ದರೆ ಗೈಡ್ ಮುಂದೆ ಮುಜುಗರವಿರುವುದಿಲ್ಲ. ಕೋಡನ್ನು ಪೆನ್‌ಡ್ರೈವಿನಲ್ಲಿ ಹಂಚಿಕೊಳ್ಳದೆ ಮೊದಲ ದಿನದಿಂದಲೇ, ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿಡಿ. ವರದಿಯನ್ನೂ ವಾರವಾರ ಬರೆಯುತ್ತ ಹೋಗಿ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇನ್ನೊಂದು ಬಾಗಿಲನ್ನೂ ತಟ್ಟಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ವಿದ್ಯಾರ್ಥಿ ಪ್ರಾಜೆಕ್ಟುಗಳನ್ನು ಆರಿಸಿ ಧನಸಹಾಯ ಕೊಡುತ್ತ ಬಂದಿದೆ. ಅರ್ಜಿ ಕಾಲೇಜಿನ ಮೂಲಕ ಹೋಗಬೇಕು, ಹಾಗಾಗಿ ವಿಭಾಗದ ಮುಖ್ಯಸ್ಥರನ್ನು ಮೊದಲೇ ಕಾಣಿ.

ವೈವಾ ಮುಗಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಮತ್ತೆ ಡೇರಿಗೆ ಹೋಗಿ. ಕರೆಂಟು ಹೋದರೆ ಏನು ಮಾಡಬೇಕು, ಬ್ಯಾಕಪ್ ಹೇಗೆ ತೆಗೆಯಬೇಕು, ಪಾಸ್‌ವರ್ಡ್ ಹೇಗೆ ಬದಲಿಸಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕಾರ್ಯದರ್ಶಿಯವರ ಕೈಗೆ ಕೊಡಿ. ನೀವು ಪಕ್ಕದಲ್ಲಿ ಸುಮ್ಮನೆ ಕುಳಿತು, ಅವರೇ ಒಂದು ಹೊತ್ತಿನ ಹಾಲಿನ ಲೆಕ್ಕ ತುಂಬಲಿ. ಎಲ್ಲಿ ಅವರ ಕೈ ತಡೆಯುತ್ತದೋ ಗುರುತು ಹಾಕಿಕೊಂಡು ಬಂದು, ಅಷ್ಟನ್ನು ಸರಿಪಡಿಸಿ ಒಪ್ಪಿಸಿ.

ನಮಸ್ಕಾರ.