ಜಗ್ಗುವ ಹಗ್ಗದ ಹತ್ತಿರ

ಕೇಳುಗರೇ, ನಮಸ್ಕಾರ. ನಾನು ಮಂಡ್ಯದವನು. ಕರಾವಳಿಯ ಬಂದರೊಂದರಲ್ಲಿ ಟಗ್ ಮೇಲೆ ಹಗ್ಗ ಹಿಡಿದು ವರ್ಷಗಟ್ಟಲೆ ದುಡಿದವನು. ಟಗ್ ಅಂದರೆ ದೊಡ್ಡ ಹಡಗುಗಳನ್ನೂ ಬಾರ್ಜುಗಳನ್ನೂ ಎಳೆಯುವ ಪುಟ್ಟ ಹಡಗು. ಬಾರ್ಜ್ ಅಂದರೆ ಚಪ್ಪಟೆ ತಳದ ದೊಡ್ಡ ದೋಣಿ. ಅದಕ್ಕೆ ಸಾಮಾನ್ಯವಾಗಿ ಸ್ವಂತ ಎಂಜಿನ್ ಇರುವುದಿಲ್ಲ.

ಕಬ್ಬಿನ ಟ್ರ್ಯಾಕ್ಟರು ಇಳಿಜಾರಿನಲ್ಲಿ ನಿಧಾನ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಹಿಂದಿನ ಭಾರ ಗಾಡಿಯನ್ನು ತಳ್ಳುತ್ತದೆ, ಅಲ್ವಾ? ನೀರಿನಲ್ಲೂ ಹಾಗೇ. ಟಗ್ ನಿಂತರೂ ಬಾರ್ಜ್ ನಿಲ್ಲುವುದಿಲ್ಲ. ಟ್ರೇಲರಿಗಾದರೆ ನಡುವೆ ಕಬ್ಬಿಣದ ಕೊಂಡಿ ಇದೆ. ಇಲ್ಲಿರುವುದು ಹಗ್ಗ. ಬಾರ್ಜ್ ಪಕ್ಕಕ್ಕೂ ಬರಬಹುದು, ಮುಂದಕ್ಕೂ ಹೋಗಬಹುದು.

ನನಗೆ ಅತಿ ಹೆಚ್ಚು ಭಯ ಇದ್ದದ್ದು ಅದರದ್ದೇ. ಹಗ್ಗ ಹಿಂದಕ್ಕೆ ನೇರ ಇರುವವರೆಗೆ ತೊಂದರೆ ಕಡಿಮೆ. ಅಡ್ಡಕ್ಕೆ ತಿರುಗಿ ಪಕ್ಕದಿಂದ ಜಗ್ಗಿತೋ, ಟಗ್ ಒಂದು ಕಡೆಗೆ ವಾಲುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಮಗುಚಬಹುದು. ಆಗ ಹಗ್ಗವನ್ನು ತಕ್ಷಣ ಬಿಟ್ಟುಬಿಡಬೇಕು. ಅದಕ್ಕೇ ಒಂದು ಹುಕ್ಕು ಇರುತ್ತದೆ. ತುಕ್ಕು ಹಿಡಿದು ಕೂತಿದ್ದರೆ ಏನು ಪ್ರಯೋಜನ? ಕೆಲಸ ಶುರುವಾಗುವ ಮೊದಲೇ ಬಿಚ್ಚಿ ನೋಡಬೇಕು. ಸೆಕೆ ಜಾಸ್ತಿ ಅಂತ ಎಂಜಿನ್ ಕೋಣೆಯ ಬಾಗಿಲು ತೆರೆದಿಡುವವರೂ ಇದ್ದಾರೆ. ದಯವಿಟ್ಟು ಬೇಡ. ವಾಲಿದಾಗ ನೀರು ನುಗ್ಗುವುದು ಅಲ್ಲಿಂದಲೇ.

ಇನ್ನು ಹಗ್ಗ ಹರಿಯುವುದು. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಹರಿದರೆ ಚಾಟಿಯಂತೆ ವಾಪಸ್ ಬರುತ್ತದೆ, ತಪ್ಪಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಒಮ್ಮೆ ಹಾಗೆ ಬಂದ ಹಗ್ಗದ ಏಟಿಗೆ ಕಬ್ಬಿಣದ ಕಂಬಿ ಬಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದೃಷ್ಟಕ್ಕೆ ಅಲ್ಲಿ ಯಾರೂ ನಿಂತಿರಲಿಲ್ಲ. ಬಿಗಿಯಾದ ಹಗ್ಗದ ಸಾಲಿನಲ್ಲಿ ಸುಮ್ನೆ ನಿಲ್ಲಬಾರದು. ನೆಲದ ಮೇಲೆ ಸುರುಳಿ ಬಿದ್ದ ಹಗ್ಗದೊಳಗೆ ಕಾಲಿಡಲೇಬಾರದು.

ಗಾಳಿ ಎದ್ದರಂತೂ ಲೆಕ್ಕವೇ ಬೇರೆ. ಖಾಲಿ ಬಾರ್ಜ್ ನೀರಿನ ಮೇಲೆ ಎತ್ತರಕ್ಕೆ ನಿಂತು ಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಂಬೈ ಆಚೆಯ ಕಡಲಲ್ಲಿ ಪಿ-305 ಎಂಬ ಬಾರ್ಜ್ ಲಂಗರು ಕಳಚಿಕೊಂಡು ಮುಳುಗಿತು. ಅದರಲ್ಲಿ 261 ಜನ ಇದ್ದರು. ವರಪ್ರದ ಎಂಬ ಟಗ್ ಕೂಡ ಮುಳುಗಿತು. ಅದರಲ್ಲಿದ್ದ 13 ಜನರಲ್ಲಿ ಬದುಕಿ ಬಂದವರು ಇಬ್ಬರೇ. ಆ ವಾರ ನನಗೆ ಅನ್ನ ಸೇರಲಿಲ್ಲ.

ನಿಮ್ಮ ಮನೆಯ ಹುಡುಗ ಬಂದರಿನ ಕೆಲಸದಲ್ಲಿದ್ದರೆ ಇವತ್ತು ರಾತ್ರಿ ಫೋನ್ ಮಾಡಿ. ಊಟ ಆಯ್ತಾ ಅಂತ ಕೇಳಿದ ಮೇಲೆ, ಹುಕ್ಕು ಬಿಚ್ಚಿ ನೋಡಿದ್ಯೇನಪ್ಪಾ ಅಂತಲೂ ಕೇಳಿ. ನಮಸ್ಕಾರ.