ಬಾವುಟಕ್ಕೆ ಬಣ್ಣ ತುಂಬಿಸಿದರೆ ಇತಿಹಾಸ ಕಲಿಸಿದಂತಾಯಿತೇ?

ನಮಸ್ಕಾರ. ಬೌದ್ಧಿಕ ಅಂಗವೈಕಲ್ಯವಿರುವ ಹದಿನಾರು, ಹದಿನೇಳರ ವಿದ್ಯಾರ್ಥಿಗಳಿಗೆ ವಿಶೇಷ ಶಾಲೆಗಳಲ್ಲಿ ಇತಿಹಾಸವೆಂದು ಏನು ಸಿಗುತ್ತಿದೆ? ಆಗಸ್ಟ್ ಬಂದಾಗ ಬಾವುಟದ ಚಿತ್ರಕ್ಕೆ ಬಣ್ಣ, ಗಾಂಧೀಜಿಯ ಫೋಟೊ ಗುರುತಿಸುವ ಅಭ್ಯಾಸ. ಉಳಿದ ದಿನಗಳಲ್ಲಿ ಮೇಣದ ಬತ್ತಿ, ಕಾಗದದ ಚೀಲ. ಕಸುಬು ಕಲಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಮೀಸೆ ಚಿಗುರಿದ ಹುಡುಗನಿಗೆ ಶಿಶುವಿಹಾರದ ಪಾಠ ಒಪ್ಪಿಸುವುದು ಅವನಿಗೆ ಮಾಡುವ ಅವಮಾನ.

"ಇಸವಿಯೇ ಅರ್ಥವಾಗದವರಿಗೆ ಇತಿಹಾಸ ಹೇಗೆ?" ಎನ್ನುತ್ತಾರೆ. ಹಲವರಿಗೆ ಇಸವಿ ಕಷ್ಟ, ನಿಜ. ಆದರೆ ಯಾರು ಯಾರನ್ನು ತಡೆದರು, ತಡೆಸಿಕೊಂಡವರು ಏನು ಮಾಡಿದರು ಎನ್ನುವುದು ಅವರಿಗೆ ಚೆನ್ನಾಗಿ ತಿಳಿಯುತ್ತದೆ. "ಬೇಡ, ಮುಟ್ಟಬೇಡ, ನಿನಗಾಗದು" ಎಂಬ ಮಾತನ್ನು ಅವರಷ್ಟು ಕೇಳಿದವರು ಯಾರಿದ್ದಾರೆ?

ವಿದುರಾಶ್ವತ್ಥವನ್ನೇ ತೆಗೆದುಕೊಳ್ಳಿ. 1938ರ ಏಪ್ರಿಲ್ 25. ಗೌರಿಬಿದನೂರಿನ ಬಳಿಯ ಆ ಊರಿನಲ್ಲಿ ಕಾಂಗ್ರೆಸ್ ಬಾವುಟ ಹಾರಿಸಕೂಡದೆಂಬ ಆಜ್ಞೆಯನ್ನು ಧಿಕ್ಕರಿಸಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಮಾತುಕತೆಗೆ ಸರ್ದಾರ್ ಪಟೇಲರು ಬಂದರು. ಕೊನೆಗೆ ಮೈಸೂರು ಸರ್ಕಾರ ತನ್ನ ಬಾವುಟದ ಜೊತೆ ಕಾಂಗ್ರೆಸ್ ಬಾವುಟವೂ ಹಾರಲು ಒಪ್ಪಿತು. ಆಜ್ಞೆ, ಸಭೆ, ಗುಂಡು, ಒಪ್ಪಂದ: ನಾಲ್ಕು ಚಿತ್ರ ಸಾಕು. ಮಾತು ಬಾರದ ವಿದ್ಯಾರ್ಥಿಯೂ ಅವನ್ನು ಕ್ರಮವಾಗಿ ಜೋಡಿಸಬಲ್ಲ. ಒಂದು ಚಿತ್ರವನ್ನು ಎತ್ತಿಟ್ಟು "ಇಲ್ಲಿ ಏನು ನಡೆದಿತ್ತು?" ಎಂದು ಕೇಳಿ. ಕಾರಣ, ಪರಿಣಾಮದ ಪಾಠ ಅಲ್ಲಿಯೇ ಶುರುವಾಗುತ್ತದೆ.

ಕಾಲ ತಿಳಿಸಲು ಗೋಡೆಯುದ್ದಕ್ಕೂ ಒಂದು ಹಗ್ಗ ಕಟ್ಟಿ. ಈ ತುದಿಗೆ ವಿದ್ಯಾರ್ಥಿಯ ಫೋಟೊ, ಮುಂದೆ ಅಮ್ಮನದು, ಅಜ್ಜಿಯದು, ಅದರಾಚೆ ವಿದುರಾಶ್ವತ್ಥ. ಅಂದಿನ ಕಾಂಗ್ರೆಸ್ ಬಾವುಟವನ್ನೂ ಇಂದಿನ ರಾಷ್ಟ್ರಧ್ವಜವನ್ನೂ ಅಕ್ಕಪಕ್ಕ ಹಿಡಿಯಿರಿ: ಅಂದಿನದರಲ್ಲಿ ಚರಕ, 1947ರಲ್ಲಿ ಒಪ್ಪಿಕೊಂಡದ್ದರಲ್ಲಿ ಚಕ್ರ. ವ್ಯತ್ಯಾಸವನ್ನು ಅವರೇ ಹುಡುಕಲಿ. ಸಾಧ್ಯವಾದರೆ ಆ ಊರಿಗೇ ಕರೆದುಕೊಂಡು ಹೋಗಿ, ಸ್ಮಾರಕವಿದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಸುಲಭ ಮಾಡುವ ನೆಪದಲ್ಲಿ ಸುಳ್ಳು ಹೇಳಬೇಡಿ. "ಬ್ರಿಟಿಷರು ಬಂದು ಹೊಡೆದರು" ಎಂದರೆ ಪಾಠ ಬೇಗ ಮುಗಿಯುತ್ತದೆ, ಆದರೆ ಅಂದು ಗುಂಡು ಹಾರಿಸಿದವರು ಮೈಸೂರು ಸಂಸ್ಥಾನದ ಪೊಲೀಸರು. ನಮ್ಮವರೇ ನಮ್ಮವರ ಮೇಲೆ ಹೀಗೆ ಮಾಡಿದರು ಎಂಬುದನ್ನು ಈ ವಿದ್ಯಾರ್ಥಿಗಳು ತಾಳಿಕೊಳ್ಳಬಲ್ಲರು. ಸಾವನ್ನೂ ಮುಚ್ಚಿಡಬೇಡಿ. ಮೊದಲೇ ತಿಳಿಸಿ, ಮೆಲ್ಲಗೆ ಹೇಳಿ, ಪ್ರಶ್ನೆಗಳಿಗೆ ಕಾಯಿರಿ. ಗುಂಡಿನ ದೃಶ್ಯವನ್ನು ಮಾತ್ರ ನಾಟಕ ಮಾಡಿಸಬೇಡಿ. ಭಯ ಉಳಿದು ವಿಷಯ ಮರೆಯುತ್ತದೆ.

ಅವರ ಸ್ವಂತ ಇತಿಹಾಸವೂ ಪಾಠದಲ್ಲಿರಲಿ. 1995ರಲ್ಲಿ ಅಂಗವಿಕಲರಿಗಾಗಿ ಒಂದು ಕಾನೂನು ಬಂತು, 2016ರಲ್ಲಿ ಅದರ ಜಾಗಕ್ಕೆ ಹಕ್ಕುಗಳ ಕಾಯ್ದೆ. ಇವೆಲ್ಲ ಯಾರೋ ಕೇಳಿ ಪಡೆದದ್ದೆಂದು ಅವರಿಗೆ ಗೊತ್ತಾಗಬೇಡವೇ?

ಮತದಾನದ ವಿಚಾರಕ್ಕೆ ಬರುತ್ತೇನೆ. ಅಂಗವೈಕಲ್ಯದ ಪ್ರಮಾಣಪತ್ರವಿದೆಯೆಂದು ಯಾರ ಮತದ ಹಕ್ಕೂ ಹೋಗುವುದಿಲ್ಲ. ಅಸ್ವಸ್ಥಚಿತ್ತರೆಂದು ಸಕ್ಷಮ ನ್ಯಾಯಾಲಯ ಘೋಷಿಸಿದರೆ ಮಾತ್ರ ಆ ಕಾರಣಕ್ಕೆ ಪಟ್ಟಿಯಿಂದ ಹೊರಗಿಡಬಹುದು. ಆದರೂ ಎಷ್ಟೋ ಮನೆಗಳಲ್ಲಿ ಈ ಮಕ್ಕಳ ಹೆಸರು ಸೇರಿಸುವ ಯೋಚನೆಯೇ ಬರುವುದಿಲ್ಲ. ಹದಿನೇಳು ತುಂಬಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ಅನ್ನು ಮುಂಚಿತವಾಗಿಯೇ ಸಲ್ಲಿಸಬಹುದು. ಶಿಕ್ಷಕರೇ, ಆ ಅರ್ಜಿಯನ್ನು ಇತಿಹಾಸದ ತರಗತಿಯಲ್ಲೇ, ಪೋಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿಸಿ.