ನೇಣಿನ ಹಗ್ಗ ಇದ್ದದ್ದು ನೆರೆಹೊರೆಯವರ ಕೈಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡ್ತಿರೋದು 13, 14ನೇ ಶತಮಾನದ ಇಂಗ್ಲೆಂಡಿನ ಕಳ್ಳರು, ಕೊಲೆಗಾರರು, ಅವರನ್ನ ಹಿಡಿದು ವಿಚಾರಣೆ ಮಾಡ್ತಿದ್ದ ಜನರ ಬಗ್ಗೆ. ಆಗಿನ ಕಾನೂನು ಕೇಳಿದ್ರೆ ಎದೆ ಝಲ್ ಅನ್ನುತ್ತೆ. 12 ಪೆನ್ನಿ, ಅಂದ್ರೆ ಆಗಿನ 12 ಸಣ್ಣ ಬೆಳ್ಳಿ ನಾಣ್ಯಕ್ಕಿಂತ ಜಾಸ್ತಿ ಬೆಲೆಯ ಸಾಮಾನು ಕದ್ದಿದ್ದು ಸಾಬೀತಾದ್ರೆ ನೇಣು, ಅಷ್ಟೇ. 14ನೇ ಶತಮಾನದ ನಡುವಲ್ಲಿ ಮಹಾ ಪ್ಲೇಗ್ ಬರೋಕೆ ಮುಂಚೆ 12 ಪೆನ್ನಿ ಅಂದ್ರೆ ಒಬ್ಬ ಕೂಲಿಯವನ ಹೆಚ್ಚುಕಮ್ಮಿ ಒಂದು ವಾರದ ದುಡಿಮೆ, ಒಂದು ಕುರಿಯ ಬೆಲೆನೂ ಅದರ ಆಸುಪಾಸಲ್ಲೇ ಇತ್ತು.

ಆದ್ರೆ ಹಿಡಿಯೋರು ಯಾರು? ಪೊಲೀಸ್ ಅನ್ನೋ ಇಲಾಖೆನೇ ಇರಲಿಲ್ಲ. ದೇಶದ ಬಹುಭಾಗದಲ್ಲಿ 12 ವರ್ಷ ದಾಟಿದ ಗಂಡಸರನ್ನ ಹತ್ತತ್ತು ಜನದ ಗುಂಪಿಗೆ ಸೇರಿಸ್ತಿದ್ರು, ಆ ಗುಂಪಲ್ಲಿ ಒಬ್ಬ ಅಪರಾಧ ಮಾಡಿ ಪರಾರಿಯಾದ್ರೆ ಉಳಿದವರು ದಂಡ ಕಟ್ಟಬೇಕು. ಕಳ್ಳನನ್ನ ಕಂಡವರು ಜೋರಾಗಿ ಕೂಗಬೇಕು, ಆ ಕೂಗು ಕೇಳಿದ ಊರವರೆಲ್ಲ ಕೈಗೆ ಸಿಕ್ಕಿದ್ದು ಹಿಡ್ಕೊಂಡು ಬೆನ್ನಟ್ಟಬೇಕು, ಮನೇಲಿ ಸುಮ್ನೆ ಕೂತ್ರೆ ಅದಕ್ಕೂ ದಂಡ. 1285ರಲ್ಲಿ ಒಂದನೇ ಎಡ್ವರ್ಡ್ ವಿಂಚೆಸ್ಟರಲ್ಲಿ ಮಾಡಿದ ಶಾಸನ ಇದನ್ನೆಲ್ಲ ಇನ್ನಷ್ಟು ಬಿಗಿ ಮಾಡ್ತು, ಸೂರ್ಯ ಮುಳುಗಿದ ಮೇಲೆ ಕೋಟೆ ಊರುಗಳ ಬಾಗಿಲು ಹಾಕ್ಬೇಕು, ದರೋಡೆಕೋರರು ಅಡಗದ ಹಾಗೆ ಹೆದ್ದಾರಿಯ ಎರಡೂ ಕಡೆ 200 ಅಡಿ ಪೊದೆ ಕಡೀಬೇಕು ಅಂತೆಲ್ಲ.

ಸಿಕ್ಕಿಬಿದ್ದ ಮೇಲೆ ಏನಾಗ್ತಿತ್ತು ಅನ್ನೋದು ನನಗೆ ತುಂಬಾ ಮುಖ್ಯ ಅನ್ಸುತ್ತೆ. 1215ರಲ್ಲಿ ಚರ್ಚು ಪಾದ್ರಿಗಳಿಗೆ ಬೆಂಕಿ, ನೀರಿನ ದಿವ್ಯಪರೀಕ್ಷೆಯಲ್ಲಿ, ಅಂದ್ರೆ ತಪ್ಪಿದೆಯೋ ಇಲ್ವೋ ಅಂತ ದೇವರೇ ತೋರಿಸ್ತಾನೆ ಅಂತ ಮಾಡ್ತಿದ್ದ ಪರೀಕ್ಷೆಯಲ್ಲಿ, ಭಾಗವಹಿಸಬಾರದು ಅಂದ ಮೇಲೆ, ತೀರ್ಪು 12 ಜನ ಜೂರಿಗಳ, ಅಂದ್ರೆ ತೀರ್ಪು ಹೇಳೋಕೆ ಕರೆಸಿದ ಸಾಮಾನ್ಯ ಜನರ ಕೈಗೆ ಬಂತು. ಅವರೆಲ್ಲ ಅದೇ ಸೀಮೆಯವರು. ಆರೋಪಿಗೆ ವಕೀಲ ಇಲ್ಲ, ಕೆಲವೇ ನಿಮಿಷದಲ್ಲಿ ಒಂದು ಕೇಸು ಮುಗೀತಿತ್ತು, ಅಂಥ ಜಾಗದಲ್ಲಿ ಎಲ್ಲರನ್ನೂ ನೇಣಿಗೆ ಹಾಕ್ತಿದ್ರು ಅಂತ ನಾವು ಅಂದ್ಕೋತೀವಿ, ಆದ್ರೆ ಉಳಿದಿರೋ ಕೋರ್ಟ್ ದಾಖಲೆ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಜನ ಬಿಡುಗಡೆ ಆಗಿದ್ದಾರೆ! ಹೆಣ ಬಿದ್ದ ಜಾಗಕ್ಕೇ ಹೋಗಿ ವಿಚಾರಿಸೋ ಕರೋನರ್ ಅಂತ ಒಬ್ಬ ಅಧಿಕಾರಿ 1194ರಿಂದ ಇದ್ದ. ಅವನ ಪಟ್ಟಿಯಲ್ಲಿ "ಜಗಳ ಆಯ್ತು, ಇವನು ಚಾಕುವಿನಿಂದ ಇರಿದ" ಅಂತ ಸರಳವಾಗಿರೋ ಕೇಸೇ ಜೂರಿ ಮುಂದೆ ಬಂದಾಗ ಬೇರೆ ಕಥೆ ಆಗಿರುತ್ತೆ, ಸತ್ತವನೇ ಮೊದಲು ಮೇಲೆ ಬಿದ್ದ, ಇವನು ಓಡ್ದ, ಹಿಂದೆ ಗೋಡೆ ಅಡ್ಡ ಬಂತು, ಬೇರೆ ದಾರಿ ಇಲ್ಲದೆ ಹೊಡೆದ ಅಂತ. ಯಾಕಂದ್ರೆ ಆತ್ಮರಕ್ಷಣೆ ಅಂತಾದ್ರೆ ರಾಜನ ಕ್ಷಮಾಪತ್ರ ಸಿಗ್ತಿತ್ತು. ಸಿಟ್ಟಲ್ಲಿ ಕೈ ಮೀರಿದವನನ್ನ ಉಳಿಸೋ ಅದೇ ಜನ ರಾತ್ರಿ ಮನೆಗೆ ನುಗ್ಗಿದವನಿಗೆ ಅಷ್ಟು ಕರುಣೆ ತೋರಿಸ್ತಿರಲಿಲ್ಲ. ಕಾನೂನಿಗೆ ಎರಡೂ ಒಂದೇ, ಜನಕ್ಕೆ ಒಂದೇ ಆಗಿರಲಿಲ್ಲ, ಈ ವಿಷಯದಲ್ಲಿ ಜನರೇ ಸರಿ ಅಂತ ನನಗೆ ಅನ್ಸುತ್ತೆ.

ತಪ್ಪಿಸ್ಕೊಳ್ಳೋಕೆ ಬೇರೆ ದಾರಿನೂ ಇತ್ತು. ಚರ್ಚಿನೊಳಗೆ ಓಡಿ ಸೇರ್ಕೊಂಡ್ರೆ 40 ದಿನ ಮುಟ್ಟೋ ಹಾಗಿಲ್ಲ, ಅಷ್ಟರೊಳಗೆ ಕರೋನರ್ ಮುಂದೆ ತಪ್ಪೊಪ್ಪಿಕೊಂಡು ದೇಶ ಬಿಟ್ಟು ಹೋಗ್ತೀನಿ ಅಂತ ಆಣೆ ಮಾಡಿ, ಕೈಯಲ್ಲೊಂದು ಶಿಲುಬೆ ಹಿಡ್ಕೊಂಡು, ಹೇಳಿದ ಬಂದರಿಗೆ ನಡ್ಕೊಂಡೇ ಹೋಗ್ಬೇಕು, ದಾರಿ ಬಿಟ್ರೆ ಜೀವಕ್ಕೆ ಗ್ಯಾರಂಟಿ ಇಲ್ಲ. ಇನ್ನು ಕೆಲವರು ಕೋರ್ಟಲ್ಲಿ ಬಾಯೇ ಬಿಡ್ತಿರಲಿಲ್ಲ. ಬಾಯಿ ಬಿಡದಿದ್ರೆ ವಿಚಾರಣೆ ನಡೆಯಲ್ಲ, ಅಂಥವರನ್ನ ಜೈಲಲ್ಲಿ ಅರೆಹೊಟ್ಟೆಯಲ್ಲಿಟ್ಟು ಬಾಯಿ ಬಿಡೋವರೆಗೂ ಇಲ್ಲಾ ಸಾಯೋವರೆಗೂ ಎದೆ ಮೇಲೆ ಭಾರ ಹೇರ್ತಿದ್ರು. ಅಪರಾಧಿ ಅಂತ ತೀರ್ಪಾದ್ರೆ ಆಸ್ತಿ ಹೆಂಡ್ತಿ ಮಕ್ಕಳ ಕೈ ತಪ್ಪುತ್ತೆ ಅಂತ ಆ ಸಾವನ್ನೇ ಒಪ್ಕೊಂಡವರಿದ್ರು, ಇದನ್ನ ಓದುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ.

ಇಷ್ಟೆಲ್ಲ ಬಡವರ ಕಥೆ, ದೊಡ್ಡ ಮನೆಯವರದ್ದು ಬೇರೆ. ಲೆಸ್ಟರ್‌ಶೈರಿನ ಫೋಲ್ವಿಲ್ ಅನ್ನೋ ಜಮೀನ್ದಾರ ಮನೆತನದ ಅಣ್ಣತಮ್ಮಂದಿರು 1326ರಲ್ಲಿ ರಾಜನ ಖಜಾನೆಯ ದೊಡ್ಡ ಅಧಿಕಾರಿ ರಾಜರ್ ಬೆಲ್ಲರ್ಸ್‌ನ ಕೊಂದ್ರು, 1332ರಲ್ಲಿ ರಾಜನ ನ್ಯಾಯಾಧೀಶ ರಿಚರ್ಡ್ ವಿಲ್ಲೋಬಿಯನ್ನೇ ಎತ್ತಾಕೊಂಡು ಹೋಗಿ ಬಿಡೋಕೆ 1300 ಮಾರ್ಕ್ (ಒಂದು ಮಾರ್ಕ್ ಅಂದ್ರೆ 160 ಪೆನ್ನಿ) ಹಣ ಕೇಳಿದ್ರು. ಈ ವಿಲ್ಲೋಬಿ ಮೇಲೆ ಮುಂದೆ ಕಾನೂನನ್ನ ದನ, ಎತ್ತಿನ ಹಾಗೆ ಮಾರ್ತಾನೆ ಅನ್ನೋ ಆರೋಪ ಬಂತು, ಹಾಗಾಗಿ ಅವನಿಗಾಗಿ ಅಯ್ಯೋ ಅಂದವರು ಎಷ್ಟು ಜನ ಇದ್ರೋ ಏನೋ. ತಂಡದ ನಾಯಕ ಯೂಸ್ಟಸ್ ರಾಜನ ಪರವಾಗಿ ಯುದ್ಧಕ್ಕೆ ಹೋಗಿ ಕ್ಷಮೆ ಪಡೆದ. ಅವನ ತಮ್ಮ ರಿಚರ್ಡ್ ಫೋಲ್ವಿಲ್, ಟೀ (Teigh) ಅನ್ನೋ ಊರಿನ ಚರ್ಚಿನ ಪಾದ್ರಿ, ಅವನೊಬ್ಬ ಮಾತ್ರ ಸಿಕ್ಕಿಬಿದ್ದ, ಸುಮಾರು 1340ರಲ್ಲಿ ಅವನದೇ ಚರ್ಚಿಂದ ಎಳ್ಕೊಂಡು ಬಂದು ತಲೆ ಕಡಿದ್ರು. ಕಡಿದವರು ಪಾದ್ರಿಯನ್ನ ಕೊಂದಿದ್ದಕ್ಕೆ ಪೋಪ್ ಹೇಳಿದ ಪ್ರಾಯಶ್ಚಿತ್ತ ಮಾಡ್ಬೇಕಾಯ್ತು. ನಮಸ್ಕಾರ.